ಬೆನ್ನು ಬರೀ ಮೂಳೆಯಲ್ಲ

ನಮ್ಮ ಊರಿನ ಮಾತಿನಲ್ಲಿ 'ನರ' ಎಂಬ ಪದಕ್ಕೆ ಎಷ್ಟೊಂದು ಕೆಲಸ! ಕೈಯ ಮೇಲೆ ಹಸಿರಾಗಿ ಉಬ್ಬಿ ಕಾಣುವುದು ನರ. ಗ್ಲೂಕೋಸ್ ಹಾಕಲು ನರ್ಸ್ ಹುಡುಕುವುದೂ ನರ. ಸೊಂಟದಿಂದ ಕಾಲಿಗೆ ಸೆಳೆತ ಬಂದರೆ 'ನರ ಹಿಡ್ಕೊಂಡಿದೆ'. ಮನೆಯಲ್ಲಿ ಉರ್ದು ಮಾತಾಡುವವರಿಗೂ ಇದೇ ಕಥೆ, 'ನಸ್' ಎಂಬ ಒಂದೇ ಪದದಲ್ಲಿ ಎಲ್ಲವೂ ಮುಗಿಯುತ್ತದೆ. ಆದರೆ ಮೊದಲಿನ ಎರಡು ರಕ್ತ ಸಾಗಿಸುವ ಅಭಿಧಮನಿಗಳು. ಮೂರನೆಯದು ಮಾತ್ರ ಸಂದೇಶ ಸಾಗಿಸುವ ನಿಜವಾದ ನರ. ಒಂದು ಕೊಳವೆ, ಇನ್ನೊಂದು ತಂತಿ. ಎರಡಕ್ಕೂ ಒಂದೇ ಹೆಸರಿಟ್ಟು ನಾವು ನೆಮ್ಮದಿಯಾಗಿದ್ದೇವೆ.

ಬೆನ್ನಿನ ವಿಷಯದಲ್ಲಿ ನಮ್ಮ ತಿಳಿವಳಿಕೆ ಇನ್ನೂ ಕಡಿಮೆ. ಬೆನ್ನಿನಲ್ಲಿ ಏನಿದೆ ಎಂದು ಯಾರನ್ನಾದರೂ ಕೇಳಿ, 'ಮೂಳೆ' ಎನ್ನುತ್ತಾರೆ. ಭಾಷಣಗಳಲ್ಲಿ ರೈತ ದೇಶದ ಬೆನ್ನೆಲುಬು, ಯುವಕರು ಸಮಾಜದ ಬೆನ್ನೆಲುಬು. ಎಲ್ಲ ಕಡೆಯೂ ಎಲುಬೇ. ಆದರೆ ಆ ಎಲುಬು ಒಂದು ಪೆಟ್ಟಿಗೆ ಮಾತ್ರ. ಒಳಗಿರುವ ವಸ್ತು ಬೇರೆ. ಬೆನ್ನನ್ನು ಹಲಗೆಯಂತೆ ಕಾಣುವ ಈ ಅಭ್ಯಾಸದಿಂದಲೇ ನಮ್ಮ ಶಿವಮೊಗ್ಗ, ಭದ್ರಾವತಿಯ ಬೀದಿಗಳಲ್ಲಿ ದಿನವೂ ಕೆಲವು ತಪ್ಪುಗಳು ನಡೆಯುತ್ತಿವೆ ಎಂಬುದು ನನ್ನ ಅಭಿಪ್ರಾಯ. ಅವುಗಳನ್ನು ತಡೆಯಲು ಡಾಕ್ಟರ್ ಆಗಬೇಕಾಗಿಲ್ಲ. ಪಿಯುಸಿ ವಿದ್ಯಾರ್ಥಿಗಳಿಗೆ ಇರುವ ಅರಿವು ಸಾಕು, ಅದನ್ನು ಪರೀಕ್ಷೆಯ ಮರುದಿನ ಮರೆಯದಿದ್ದರೆ.

ಮೊದಲು ಪೆಟ್ಟಿಗೆಯ ಒಳಗೆ ಏನಿದೆ ನೋಡೋಣ. ಹುಟ್ಟಿದಾಗ ನಮಗೆ 33 ಕಶೇರುಕಗಳಿರುತ್ತವೆ. ಕೆಳಗಿನ ಕೆಲವು ಬೆಸೆದುಕೊಂಡು ದೊಡ್ಡವರಲ್ಲಿ 26 ಘಟಕಗಳಾಗುತ್ತವೆ: ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಅದರ ಕೆಳಗೆ ತ್ರಿಕಾಸ್ಥಿ ಒಂದು, ಬಾಲದ ಮೂಳೆ ಒಂದು. ಇವುಗಳ ನಡುವಿನ ಕಾಲುವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ದಪ್ಪ ಹೆಚ್ಚುಕಡಿಮೆ ಕಿರುಬೆರಳಿನಷ್ಟು, ಉದ್ದ ಸುಮಾರು 42ರಿಂದ 45 ಸೆಂಟಿಮೀಟರ್. ಅದರಿಂದ 31 ಜೋಡಿ ನರಗಳು ಹೊರಡುತ್ತವೆ. ಕೈ ಎತ್ತುವುದು, ಕಾಲು ಇಡುವುದು, ಮೂತ್ರ ತಡೆಯುವುದು, ಬಿಸಿ ತಣ್ಣಗೆ ತಿಳಿಯುವುದು, ಕುತ್ತಿಗೆಯಿಂದ ಕೆಳಗಿನ ಬಹುಪಾಲು ವ್ಯವಹಾರ ಈ ಹುರಿಯ ಮೂಲಕವೇ ನಡೆಯಬೇಕು.

ಈ ಹುರಿಯ ಬಗ್ಗೆ ಎರಡು ಸಂಗತಿಗಳನ್ನು ನೆನಪಿಡಬೇಕು. ಒಂದು, ಅದು ಬೆನ್ನಿನ ಉದ್ದಕ್ಕೂ ಇರುವುದಿಲ್ಲ. ದೊಡ್ಡವರಲ್ಲಿ ಸೊಂಟದ ಒಂದನೇ ಮತ್ತು ಎರಡನೇ ಕಶೇರುಕಗಳ ಮಟ್ಟದಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇರುವುದು ನರಗಳ ಗೊಂಚಲು, ಕುದುರೆಯ ಬಾಲದಂತೆ ದ್ರವದಲ್ಲಿ ತೇಲುತ್ತಿರುತ್ತದೆ. ಎರಡು, ಕೈಕಾಲಿನ ನರ ತುಂಡಾದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯಬಲ್ಲದು, ಆದರೆ ಬೆನ್ನುಹುರಿಯೊಳಗಿನ ತಂತುಗಳು ಹಾಗೆ ಬೆಳೆದು ಮತ್ತೆ ಕೂಡಿಕೊಳ್ಳುವುದಿಲ್ಲ. ಅಲ್ಲಿ ಕಳೆದುಕೊಂಡದ್ದು ಬಹುಮಟ್ಟಿಗೆ ಕಳೆದಂತೆಯೇ.

ಇನ್ನು ರಕ್ತದ ವಿಷಯ. ಇಷ್ಟು ಮುಖ್ಯವಾದ ಹುರಿಗೆ ರಕ್ತ ತರುವ ಉದ್ದನೆಯ ಅಪಧಮನಿಗಳು ಮೂರೇ ಮೂರು, ಮುಂದೆ ಒಂದು, ಹಿಂದೆ ಎರಡು. ಮುಂದಿನ ಒಂದೇ ಅಪಧಮನಿ ಹುರಿಯ ಮೂರನೇ ಎರಡು ಭಾಗಕ್ಕೆ ರಕ್ತ ಕೊಡಬೇಕು. ಸ್ನಾಯುಗಳಿಗೆ ಆಜ್ಞೆ ಕೊಡುವ ಕೋಶಗಳೂ, ನೋವು ಮತ್ತು ಶಾಖದ ಸುದ್ದಿ ಒಯ್ಯುವ ದಾರಿಗಳೂ ಆ ಭಾಗದಲ್ಲಿವೆ. ಹಿಂದಿನ ಭಾಗದಲ್ಲಿ ಕಂಪನ ಮತ್ತು ಕೀಲುಗಳ ಸ್ಥಿತಿಯ ಸುದ್ದಿ ಹೋಗುತ್ತದೆ. ಹಾಗಾಗಿ ಮುಂದಿನ ಅಪಧಮನಿ ಕಟ್ಟಿಕೊಂಡ ರೋಗಿಗೆ ಕಾಲು ಅಲುಗಾಡಿಸಲು ಆಗುವುದಿಲ್ಲ, ಸೂಜಿ ಚುಚ್ಚಿದ್ದು ಗೊತ್ತಾಗುವುದಿಲ್ಲ. ಆದರೆ ಡಾಕ್ಟರ್ ಹೆಬ್ಬೆರಳನ್ನು ಮೇಲಕ್ಕೆ ಮಡಿಸಿದರೋ ಕೆಳಕ್ಕೆ ಮಡಿಸಿದರೋ ಎಂದು ಕಣ್ಣು ಮುಚ್ಚಿಯೂ ಹೇಳಬಲ್ಲ. ಅಂಗರಚನೆ ಎಂಬುದು ಬಾಯಿಪಾಠದ ವಿಷಯವಲ್ಲ, ತರ್ಕದ ವಿಷಯ ಎಂದು ನನಗೆ ಮನದಟ್ಟಾದದ್ದು ಇದನ್ನು ಓದಿದಾಗ.

ಮೇಲಿಂದ ಇಳಿದ ರಕ್ತ ತುದಿಯವರೆಗೆ ಸಾಲುವುದಿಲ್ಲ. ನಡುನಡುವೆ ಮಹಾಪಧಮನಿಯ ಕವಲುಗಳಿಂದ ಸಣ್ಣ ಉಪನಾಳಗಳು ಬಂದು ಸೇರಿಕೊಳ್ಳಬೇಕು. ಅವುಗಳಲ್ಲಿ ದೊಡ್ಡದಕ್ಕೆ ಆಡಮ್‌ಕೀವಿಚ್ ಅಪಧಮನಿ ಎಂದು ಹೆಸರು. ಪೋಲೆಂಡ್ ಮೂಲದ ವೈದ್ಯ ಆಲ್ಬರ್ಟ್ ಆಡಮ್‌ಕೀವಿಚ್ 1880ರ ದಶಕದ ಆರಂಭದಲ್ಲಿ ಅದನ್ನು ವಿವರಿಸಿದರು. ಸಾಮಾನ್ಯವಾಗಿ ಎಡಭಾಗದಲ್ಲಿ, ಎದೆಯ ಕೊನೆಯ ಕಶೇರುಕಗಳ ಮಟ್ಟದಲ್ಲಿ ಅದು ಒಳಗೆ ಬರುತ್ತದೆ. ಹುರಿಯ ಕೆಳಭಾಗ ಬಹಳಷ್ಟು ಅದನ್ನೇ ನಂಬಿಕೊಂಡಿದೆ. ಮಹಾಪಧಮನಿಯ ಶಸ್ತ್ರಚಿಕಿತ್ಸೆಯಲ್ಲಿ ಈ ಒಂದು ನಾಳಕ್ಕೆ ಧಕ್ಕೆಯಾದರೆ ರೋಗಿಯ ಎರಡೂ ಕಾಲು ಸೋಲಬಹುದು. ಮೇಲಿನ ಮತ್ತು ಕೆಳಗಿನ ಪೂರೈಕೆಗಳ ನಡುವೆ, ಎದೆಯ ಮಧ್ಯದ ಮಟ್ಟದಲ್ಲಿ ಒಂದು ಬಡ ಪ್ರದೇಶವಿದೆ. ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ. ಭದ್ರಾ ನಾಲೆಯಲ್ಲಿ ನೀರು ಬಿಟ್ಟಾಗಲೂ ಕೊನೆಯ ಭಾಗದ ಗದ್ದೆಗಳವರು ಕಾಯುತ್ತಲೇ ಇರುತ್ತಾರಲ್ಲ, ಹಾಗೆ. ರಕ್ತದೊತ್ತಡ ಕುಸಿದರೆ ಮೊದಲು ಒಣಗುವ ಅಪಾಯ ಇರುವುದು ಆ ಭಾಗಕ್ಕೆ.

ಇಷ್ಟು ಪೀಠಿಕೆ ಸಾಕು. ಈಗ ಬೀದಿಗೆ ಬರೋಣ.

ಮೊದಲನೆಯದು ಸಲೂನ್. ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಕಟಿಂಗ್ ಮುಗಿದ ಮೇಲೆ ತಲೆಗೆ ನಾಲ್ಕು ತಟ್ಟು, ನಂತರ ಗಲ್ಲ ಹಿಡಿದು ಕುತ್ತಿಗೆಯನ್ನು ಒಂದು ಕಡೆಗೆ ಫಟ್ಟನೆ ತಿರುಗಿಸಿ ಲಟಿಕೆ ಮುರಿಯುವುದು. ಶಬ್ದ ಬಂದರೆ ಎಲ್ಲರಿಗೂ ಖುಷಿ. ಆದರೆ ಕುತ್ತಿಗೆಯ ಕಶೇರುಕಗಳ ಎರಡೂ ಪಕ್ಕದಲ್ಲಿ ಸಣ್ಣ ರಂಧ್ರಗಳಿವೆ. ಆರನೆಯ ಕಶೇರುಕದಿಂದ ಒಂದನೆಯದರವರೆಗೆ ಈ ರಂಧ್ರಗಳ ಮೂಲಕವೇ ವರ್ಟಿಬ್ರಲ್ ಅಪಧಮನಿಗಳು ಮೆದುಳಿಗೆ ಏರುತ್ತವೆ. ಬೆನ್ನುಹುರಿಯ ಮುಂದಿನ ಅಪಧಮನಿ ಹುಟ್ಟುವುದೂ ಇವುಗಳಿಂದಲೇ. ದಾರವನ್ನು ಮಣಿಗಳಲ್ಲಿ ಪೋಣಿಸಿ ಮಣಿಗಳನ್ನು ರಪ್ಪನೆ ತಿರುಗಿಸಿದರೆ ದಾರಕ್ಕೆ ಏನಾಗಬಹುದು ಊಹಿಸಿ. ನಾಳದ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ಉಸಿರಾಟದ ವಪೆಯನ್ನು ನಡೆಸುವ ನರ ಕೂಡ ಕುತ್ತಿಗೆಯ ಮೂರು, ನಾಲ್ಕು, ಐದನೆಯ ನರಗಳಿಂದಲೇ ಹೊರಡುತ್ತದೆ. ಇಂಥ ಅನಾಹುತ ಅಪರೂಪ, ನಿಜ. ಆದರೆ ಲಾಭವೇನು? ಕೀಲಿನ ದ್ರವದಲ್ಲಿ ಗುಳ್ಳೆಯಾದ ಒಂದು ಶಬ್ದ. ಅಷ್ಟಕ್ಕಾಗಿ ಅಷ್ಟು ದೊಡ್ಡ ಪಣ ಒಡ್ಡುವುದು ಬೇಡ. 'ಅಣ್ಣಾ, ಕುತ್ತಿಗೆ ಬೇಡ' ಎಂದರೆ ಯಾರಿಗೂ ಬೇಸರವಾಗುವುದಿಲ್ಲ.

ಎರಡನೆಯದು ಹೆದ್ದಾರಿ. ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ಓಡಾಡುವವರು ಬೈಕ್ ಅಪಘಾತ ನೋಡದೆ ಇರಲಾರರು. ನಮ್ಮ ಜನ ಓಡಿ ಬರುತ್ತಾರೆ, ಅದು ದೊಡ್ಡ ಗುಣ. ಬಂದವರು ಏನು ಮಾಡುತ್ತಾರೆ? ಒಬ್ಬರು ಕಂಕುಳಲ್ಲಿ ಕೈ ಹಾಕುತ್ತಾರೆ, ಇನ್ನೊಬ್ಬರು ಕಾಲು ಹಿಡಿಯುತ್ತಾರೆ. ನಡು ಜೋತು ಬೀಳುತ್ತದೆ, ಕುತ್ತಿಗೆ ಹಿಂದಕ್ಕೆ ವಾಲುತ್ತದೆ. ಆಮೇಲೆ ಆಟೋದ ಸೀಟಿನಲ್ಲಿ ಮಡಚಿ ಕೂರಿಸಿ ಬಾಯಿಗೆ ನೀರು ಹಾಕುತ್ತಾರೆ. ಮೂಳೆ ಮಾತ್ರ ಮುರಿದಿದ್ದ ವ್ಯಕ್ತಿಗೆ ಹುರಿಯೂ ಜಜ್ಜಿ ಹೋಗಲು ಇಷ್ಟು ಸಾಕು. ಹುರಿಗೆ ಪೆಟ್ಟು ಬಿದ್ದಾಗ ಹಾನಿ ಒಂದೇ ಕ್ಷಣದಲ್ಲಿ ಮುಗಿಯುವುದಿಲ್ಲ. ಮೊದಲ ಪೆಟ್ಟಿನ ನಂತರ ರಕ್ತಸ್ರಾವ, ಊತ, ಸಣ್ಣ ನಾಳಗಳ ಮುಚ್ಚುವಿಕೆ, ರಕ್ತದೊತ್ತಡದ ಕುಸಿತ, ಹೀಗೆ ಎರಡನೆಯ ಸುತ್ತಿನ ಹಾನಿ ಗಂಟೆಗಳ ಕಾಲ ನಡೆಯುತ್ತದೆ. ಕಿರಿದಾದ ಮೂಳೆಯ ಕಾಲುವೆಯಲ್ಲಿ ಊದಿಕೊಳ್ಳಲು ಜಾಗವೂ ಇಲ್ಲ.

ಮಾಡಬೇಕಾದದ್ದು ಕಷ್ಟವೇನಲ್ಲ. ಬೆಂಕಿ, ನುಗ್ಗಿ ಬರುವ ವಾಹನ ಮುಂತಾದ ತಕ್ಷಣದ ಅಪಾಯ ಇಲ್ಲದಿದ್ದರೆ ಬಿದ್ದವರನ್ನು ಅಲುಗಾಡಿಸಬಾರದು. ಒಬ್ಬರು 108ಕ್ಕೆ ಕರೆ ಮಾಡಬೇಕು. ಇನ್ನೊಬ್ಬರು ತಲೆಯ ಹಿಂದೆ ಮಂಡಿಯೂರಿ ಎರಡೂ ಅಂಗೈಗಳಿಂದ ತಲೆಯನ್ನು ಇದ್ದ ಸ್ಥಿತಿಯಲ್ಲೇ ಅಲುಗದಂತೆ ಹಿಡಿಯಬೇಕು. 'ಕುತ್ತಿಗೆ ಅಲ್ಲಾಡಿಸಬೇಡಿ, ಆಂಬುಲೆನ್ಸ್ ಬರ್ತಿದೆ' ಎಂದು ಮಾತಾಡಿಸುತ್ತಿರಬೇಕು. ಹೆಲ್ಮೆಟ್ ಎಳೆಯಬಾರದು, ಉಸಿರಾಟಕ್ಕೆ ಅಡ್ಡಿಯಾದರೆ ಮಾತ್ರ ಆ ಮಾತು ಬೇರೆ. ನೀರು ಕುಡಿಸಬಾರದು. ವಾಂತಿ ಬಂದರೆ ತಲೆ, ಭುಜ, ಸೊಂಟ ಒಂದೇ ಗೆರೆಯಲ್ಲಿರುವಂತೆ ಮೂರುನಾಲ್ಕು ಜನ ಸೇರಿ ಮರದ ದಿಮ್ಮಿ ಉರುಳಿಸಿದ ಹಾಗೆ ಒಟ್ಟಿಗೆ ಪಕ್ಕಕ್ಕೆ ತಿರುಗಿಸಬೇಕು. ಉಸಿರೇ ನಿಂತಿದ್ದರೆ ಮೊದಲು ಎದೆ ಒತ್ತುವ ಚಿಕಿತ್ಸೆ, ಬೆನ್ನಿನ ಚಿಂತೆ ಆಮೇಲೆ. ಸಹಾಯ ಮಾಡಿದರೆ ಪೊಲೀಸ್ ಸ್ಟೇಷನ್ನಿಗೆ ಅಲೆಯಬೇಕಾಗುತ್ತದೆ ಎಂಬ ಹೆದರಿಕೆಗೂ ಈಗ ಕಾರಣವಿಲ್ಲ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸಹಾಯಕರ ರಕ್ಷಣೆಯ ಮಾರ್ಗಸೂಚಿಗೆ ಮುದ್ರೆ ಒತ್ತಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಂ ಸೇರಿ, ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ಸಿಕ್ಕಿತು.

ಮೂರನೆಯದು ನಮ್ಮ ಮನೆಗಳ ಹೆಣ್ಣುಮಕ್ಕಳ ಮಾತು. ಸಿಸೇರಿಯನ್ ಆದ ಯಾವ ಖಾಲಾ, ಯಾವ ಅತ್ತಿಗೆಯನ್ನು ಕೇಳಿದರೂ 'ಬೆನ್ನಿಗೆ ಇಂಜೆಕ್ಷನ್ ಕೊಟ್ಟರು ನೋಡು, ಅವತ್ತಿನಿಂದ ಸೊಂಟ ಹೋಯಿತು' ಎನ್ನುತ್ತಾರೆ. ಇದನ್ನು ಕೇಳಿ ಬೆಳೆದ ಹುಡುಗಿಯರು ಹೆರಿಗೆಯ ಹೊತ್ತಿಗೆ ಹೆದರಿ ನಡುಗುತ್ತಾರೆ. ಆಗ ಬೆನ್ನುಹುರಿ ಎಲ್ಲಿ ಮುಗಿಯುತ್ತದೆ ಎಂಬ ಸಂಗತಿ ನೆನಪಾಗಬೇಕು. ಹುರಿ ನಿಲ್ಲುವುದು ಸೊಂಟದ ಒಂದನೇ ಎರಡನೇ ಕಶೇರುಕಗಳ ಬಳಿ. ಸೂಜಿ ಹೋಗುವುದು ಸಾಮಾನ್ಯವಾಗಿ ಮೂರು ಮತ್ತು ನಾಲ್ಕು, ಇಲ್ಲವೇ ನಾಲ್ಕು ಮತ್ತು ಐದರ ನಡುವೆ. ಅಲ್ಲಿ ಹುರಿಯಿಲ್ಲ, ದ್ರವದಲ್ಲಿ ತೇಲುವ ನರಗಳ ಎಳೆಗಳಿವೆ, ಸೂಜಿ ಬಂದರೆ ಅವು ಬಹುತೇಕ ಪಕ್ಕಕ್ಕೆ ಸರಿಯುತ್ತವೆ. ಜರ್ಮನಿಯ ಆಗಸ್ಟ್ ಬಿಯರ್ 1898ರಲ್ಲಿ ಈ ಅರಿವಳಿಕೆಯನ್ನು ಮೊದಲು ಬಳಸಿದರು. ಅಂದಿನಿಂದ ಅದರ ಸುರಕ್ಷತೆ ನಿಂತಿರುವುದೇ ಈ ಅಂಗರಚನೆಯ ಮೇಲೆ. ಕೆಲವರಿಗೆ ಕೆಲವು ದಿನ ತಲೆನೋವು, ಚುಚ್ಚಿದ ಜಾಗದಲ್ಲಿ ನೋವು ಇರುವುದುಂಟು. ಆದರೆ ವರ್ಷಗಟ್ಟಲೆಯ ಸೊಂಟನೋವಿಗೆ ಕಾರಣಗಳನ್ನು ಬೇರೆಡೆ ಹುಡುಕಬೇಕು: ಗರ್ಭದ ಭಾರಕ್ಕೆ ಸಡಿಲವಾದ ಸ್ನಾಯು, ಬಗ್ಗಿ ಕುಳಿತು ಹಾಲೂಡಿಸುವುದು, ಹೆರಿಗೆಯಾದ ಕೆಲವೇ ವಾರಕ್ಕೆ ಮತ್ತೆ ಹಿಡಿಯುವ ಕೊಡ. ತಪ್ಪು ಸೂಜಿಯ ಮೇಲೆ ಹೊರಿಸಿದರೆ ಕೊಡದ ಬಗ್ಗೆ ಯಾರೂ ಮಾತಾಡುವುದಿಲ್ಲ. ಈ ಅಪವಾದದಿಂದ ಮನೆಯ ಗಂಡಸರಿಗೆ ಅನುಕೂಲವಾಗಿದೆ ಎಂದು ನನಗೆ ಅನ್ನಿಸುತ್ತದೆ.

ನಾಲ್ಕನೆಯದು ನೋವಿನ ಮಾತ್ರೆ. ಬೆನ್ನುನೋವು ಎಂದರೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನುಂಗುವುದು, ಎಣ್ಣೆ ಹಚ್ಚಿ ತಿಕ್ಕಿಸುವುದು ನಮ್ಮ ರೂಢಿ. ಬಹುಪಾಲು ಬೆನ್ನುನೋವು ತಾನಾಗಿಯೇ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ, ನಿಜ. ಆದರೆ ಕೆಲವು ಲಕ್ಷಣಗಳನ್ನು ಎಲ್ಲರೂ ತಿಳಿದಿರಬೇಕು. ವಾರಗಟ್ಟಲೆ ಬಿಡದ ನೋವು, ರಾತ್ರಿ ಹೆಚ್ಚಾಗುವುದು, ಜೊತೆಗೆ ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಅದು ಬೆನ್ನುಮೂಳೆಯ ಕ್ಷಯ ಇರಬಹುದು. ಇಂಗ್ಲೆಂಡಿನ ವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಪಾಟ್ ರೋಗ ಎಂದೂ ಹೆಸರು. ಕ್ಷಯದ ಕ್ರಿಮಿ ಬೆನ್ನಿಗೆ ಹೋಗುವುದು ರಕ್ತದ ದಾರಿಯಲ್ಲೇ. ಬೆನ್ನಿನ ಒಂದೊಂದು ಅಪಧಮನಿಯ ಕವಲುಗಳು ಒಂದು ಕಶೇರುಕದ ಕೆಳಭಾಗಕ್ಕೂ ಅದರ ಕೆಳಗಿನದರ ಮೇಲ್ಭಾಗಕ್ಕೂ ರಕ್ತ ಕೊಡುತ್ತವೆ. ಅದಕ್ಕೇ ಈ ರೋಗ ಸಾಮಾನ್ಯವಾಗಿ ಪಕ್ಕಪಕ್ಕದ ಎರಡು ಮೂಳೆಗಳನ್ನು ಒಟ್ಟಿಗೆ ಹಿಡಿಯುತ್ತದೆ. ಬೆನ್ನಿನ ಅಭಿಧಮನಿಗಳಲ್ಲಿ ಕವಾಟಗಳಿಲ್ಲ, ಕೆಮ್ಮಿದರೆ, ಮುಕ್ಕಿದರೆ ರಕ್ತ ಹಿಂದುಮುಂದಾಗಿ ಹರಿಯಬಲ್ಲದು. ಹೊಟ್ಟೆಯ ಕೆಳಭಾಗದ ಕ್ಯಾನ್ಸರ್ ಬೆನ್ನುಮೂಳೆಗೆ ಏಕೆ ಹರಡುತ್ತದೆ ಎಂಬುದಕ್ಕೆ ಆಸ್ಕರ್ ಬ್ಯಾಟ್ಸನ್ 1940ರಲ್ಲಿ ಈ ಕಾರಣವನ್ನೇ ಕೊಟ್ಟರು. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000ಕ್ಕೆ ಏರಿಸಲಾಗಿದೆ. ಹೇಳಿಕೊಳ್ಳಲು ನಾಚಿಕೆಪಡುವ ರೋಗ ಇದಲ್ಲ. ಇನ್ನೊಂದು ಲಕ್ಷಣ: ಬೆನ್ನುನೋವಿನ ಜೊತೆ ತೊಡೆಗಳ ನಡುವೆ, ಸೈಕಲ್ ಸೀಟು ತಾಗುವ ಜಾಗದಲ್ಲಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕುದುರೆಬಾಲದ ನರಗಳು ಒತ್ತಡಕ್ಕೆ ಸಿಕ್ಕಿವೆ ಎಂದರ್ಥ. ಆಗ ನಾಳೆಗೆ ಕಾಯುವಂತಿಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಐದನೆಯದು ಗಾಂಧಿ ಬಜಾರ್. ಇದನ್ನೇ ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿದ್ದೇನೆ. ಶಿವಪ್ಪ ನಾಯಕನ ಪ್ರತಿಮೆ ದಾಟಿ ಬಜಾರಿನ ಒಳಗೆ ಬಂದರೆ ಕಿರಿದಾದ ಬೀದಿ, ಎರಡೂ ಕಡೆ ಅಂಗಡಿ. ಲಾರಿ, ಟೆಂಪೋ ಎಲ್ಲಿಯವರೆಗೆ ಬರಲು ಆಗುತ್ತದೋ ಅಲ್ಲಿಗೆ ನಿಲ್ಲುತ್ತವೆ. ಅಲ್ಲಿಂದ ಗೋದಾಮಿಗೆ ಅಕ್ಕಿ, ಸಕ್ಕರೆ, ಬೇಳೆ ಹೋಗುವುದು ಮನುಷ್ಯನ ಬೆನ್ನ ಮೇಲೆ. ನಾವು ಮನೆಗೆ ಒಯ್ಯುವ ಪ್ರತಿ ಕಿಲೋ ಸಕ್ಕರೆ ಒಬ್ಬ ಹಮಾಲಿಯ ಸೊಂಟದ ಮೇಲೆ ಒಮ್ಮೆಯಾದರೂ ಕುಳಿತು ಬಂದಿರುತ್ತದೆ. ನಮ್ಮ ಕಾಲೇಜಿನಲ್ಲಿ ಓದುವ ಎಷ್ಟೋ ಮಂದಿಯ ಶುಲ್ಕ ಕಟ್ಟಿದ್ದೂ ಇಂಥ ಬೆನ್ನುಗಳೇ.

ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಟಾರ್ಕ್ ಓದಿದ್ದೇವೆ. ಅದನ್ನೇ ಇಲ್ಲಿ ಹಾಕಿ ನೋಡೋಣ. 20 ಕಿಲೋದ ನೀರಿನ ಕ್ಯಾನನ್ನು ಸೊಂಟದ ಕೀಲಿನಿಂದ 40 ಸೆಂಟಿಮೀಟರ್ ಮುಂದೆ ಹಿಡಿದು ಬಗ್ಗಿ ಎತ್ತುತ್ತೀರಿ ಎಂದುಕೊಳ್ಳಿ. ಅದನ್ನು ಹಿಂದಿನಿಂದ ಎಳೆದು ಹಿಡಿಯುವ ಬೆನ್ನಿನ ಸ್ನಾಯು ಕೀಲಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿದೆ. 20 ಗುಣಿಸು 40, ಭಾಗಿಸು 5: ಸ್ನಾಯು 160 ಕಿಲೋ ತೂಕದಷ್ಟು ಬಲ ಹಾಕಬೇಕು. ಅದೇ ಕ್ಯಾನನ್ನು ಮೈಗೆ ಹತ್ತಿರ, 20 ಸೆಂಟಿಮೀಟರಿಗೆ ತಂದರೆ ಬಲ 80 ಕಿಲೋಗೆ ಇಳಿಯುತ್ತದೆ. ಮೈಯ ತೂಕ ಇದರಲ್ಲಿ ಸೇರಿಲ್ಲ. ಕ್ಯಾನಿನ ಜಾಗದಲ್ಲಿ 50 ಕಿಲೋದ ಮೂಟೆ ಇಟ್ಟು ನೀವೇ ಲೆಕ್ಕ ಮಾಡಿ. ಈ ಭಾರವನ್ನೆಲ್ಲ ತಡೆಯುವುದು ಕಶೇರುಕಗಳ ನಡುವಿನ ಡಿಸ್ಕ್.

ಆ ಡಿಸ್ಕಿಗೆ ಒಂದು ದೌರ್ಬಲ್ಯವಿದೆ. ದೊಡ್ಡವರಲ್ಲಿ ಅದರ ಒಳಭಾಗಕ್ಕೆ ರಕ್ತನಾಳವೇ ಇಲ್ಲ. ಮೇಲಿನ ಕೆಳಗಿನ ಮೂಳೆಗಳಿಂದ ಆಹಾರ ನಿಧಾನವಾಗಿ ಜಿನುಗಿ ಬರಬೇಕು. ಒಳಭಾಗಕ್ಕೆ ನರವೂ ಇಲ್ಲ, ಹೊರಗಿನ ಪದರಕ್ಕೆ ಮಾತ್ರ ಇದೆ. ಅಂದರೆ ಒಳಗೆ ಸವೆಯುತ್ತಿದ್ದರೂ ನೋವು ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಬಹಳ ಸವೆದಿರುತ್ತದೆ, ರಿಪೇರಿಗೆ ಬೇಕಾದ ರಕ್ತವೂ ಸಿಗುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಆ ಜಿನುಗುವ ಪೂರೈಕೆಗೂ ಪೆಟ್ಟು. ಉಬ್ಬಿದ ಡಿಸ್ಕ್ ಪಕ್ಕದ ನರದ ಬೇರನ್ನು ಒತ್ತಿದರೆ ಸೆಳೆತ ಕಾಲಿಗೆ ಇಳಿಯುತ್ತದೆ. ಸೊಂಟದ ಐದನೇ ನರವಾದರೆ ಹೆಬ್ಬೆರಳ ಕಡೆಗೆ, ತ್ರಿಕಾಸ್ಥಿಯ ಮೊದಲ ನರವಾದರೆ ಪಾದದ ಹೊರ ಅಂಚಿಗೆ. ನೋವು ಕಾಲಿನಲ್ಲಿ, ರೋಗ ಸೊಂಟದಲ್ಲಿ. ಮಸೀದಿಯ ಸಫ್‌ಗಳ ಅಂಚಿನಲ್ಲಿ ಕುರ್ಚಿಗಳು ಹೆಚ್ಚುತ್ತಿರುವುದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಕುಳಿತವರೆಲ್ಲ ಮುದುಕರಲ್ಲ.

ಕಾನೂನು ಏನು ಹೇಳುತ್ತದೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಗರಿಷ್ಠ ಭಾರದ ಕುರಿತು 127ನೇ ಒಪ್ಪಂದ ಮಾಡಿತು. ಆರೋಗ್ಯಕ್ಕೆ ಅಪಾಯ ತರುವಷ್ಟು ಭಾರವನ್ನು ಯಾವ ಕಾರ್ಮಿಕನಿಂದಲೂ ಹೊರಿಸಬಾರದು ಎಂದು ಅದು ಹೇಳುತ್ತದೆ. ಅದರ ಜೊತೆಗಿನ ಶಿಫಾರಸು ವಯಸ್ಕ ಗಂಡಸಿಗೆ 55 ಕಿಲೋ ಎಂಬ ಮಿತಿಯನ್ನು ಮುಂದಿಟ್ಟಿತು. ಭಾರತ ಆ ಒಪ್ಪಂದವನ್ನು ಅನುಮೋದಿಸಿದ್ದು 2010ರಲ್ಲಿ. ಕಾರ್ಖಾನೆಗಳ ಒಳಗೆ 2025ರವರೆಗೆ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಂ ಇತ್ತು. ಆದರೆ ಬಜಾರಿನ ಹಮಾಲಿ ಯಾವ ಕಾರ್ಖಾನೆಯ ಒಳಗೂ ಇಲ್ಲ, ಬೀದಿಯಲ್ಲಿದ್ದಾನೆ. ಮೂಟೆಗಳ ಗಾತ್ರ ಕಡಿಮೆಯಾಗುತ್ತಿರುವುದು ನಿಜ. ಯೂರಿಯಾ ಚೀಲ 2018ರಿಂದ 50 ಕಿಲೋ ಬದಲು 45 ಕಿಲೋ ಆಯಿತು. ಹಾಗಾದರೆ ಎಲ್ಲ ಮೂಟೆಯನ್ನೂ 25 ಕಿಲೋ ಮಾಡಿಬಿಟ್ಟರೆ ಆಯಿತಲ್ಲ ಎಂದು ನಾನು ನಮ್ಮ ಬೀದಿಯ ಹಮಾಲಿ ಚಾಚಾ ಒಬ್ಬರಿಗೆ ಹೇಳಿದೆ. ಅವರು ನಕ್ಕು, 'ಮೂಟೆ ಅರ್ಧ ಆದ್ರೆ ಕೂಲೀನೂ ಅರ್ಧ ಆಗುತ್ತೆ ಬೇಟಾ, ನಮಗೆ ಮೂಟೆ ಲೆಕ್ಕ' ಎಂದರು. ಈ ಮಾತಿಗೆ ಅಂಗರಚನಾಶಾಸ್ತ್ರದಲ್ಲಿ ಉತ್ತರವಿಲ್ಲ. ಹಾಗಾಗಿ ಭಾರ ಇಳಿಸಿ ಎಂದು ಕೇಳುವವರು ದರವನ್ನು ಮೂಟೆಯ ಲೆಕ್ಕದಿಂದ ತೂಕದ ಲೆಕ್ಕಕ್ಕೆ ಬದಲಿಸಿ ಎಂದೂ ಅದೇ ಉಸಿರಿನಲ್ಲಿ ಕೇಳಬೇಕು. ಬೀದಿಗೆ ಒಂದೆರಡು ಕೈಗಾಡಿ, ಗೋದಾಮಿನ ಮೆಟ್ಟಿಲಿಗೆ ಒಂದು ಇಳಿಜಾರು ಹಲಗೆ, ನೆಲದಿಂದ ಎತ್ತದಂತೆ ಸೊಂಟದ ಎತ್ತರಕ್ಕೆ ಒಂದು ಕಟ್ಟೆ, ಇವು ವ್ಯಾಪಾರಿಗಳಿಗೆ ದೊಡ್ಡ ಖರ್ಚಲ್ಲ. ವ್ಯಾಪಾರಿಗಳ ಮಕ್ಕಳೂ ಹಮಾಲಿಗಳ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ಕಾಲೇಜು ನಮ್ಮದು. ಈ ಮಾತು ಶುರುವಾಗಲು ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ?

ಕೊನೆಯದಾಗಿ ನಮ್ಮದೇ ಬೆನ್ನು. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ 11 ಮತ್ತು 12ನೇ ತರಗತಿಗೆ ಮೂರೂವರೆಯಿಂದ 5 ಕಿಲೋ ಎಂದು ಹೇಳುತ್ತದೆ. ಪ್ರಾಕ್ಟಿಕಲ್ ಇದ್ದ ಒಂದು ದಿನ ನನ್ನ ಬ್ಯಾಗನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟೆ: 7 ಕಿಲೋ ದಾಟಿತು. ಭದ್ರಾವತಿಯಿಂದ ಬರುವ ಗೆಳೆಯರು ಇದನ್ನೇ ಬಸ್ಸಿನಲ್ಲಿ ನಿಂತುಕೊಂಡು, ಅದೂ ಒಂದೇ ಭುಜಕ್ಕೆ ನೇತುಹಾಕಿಕೊಂಡು ಬರುತ್ತಾರೆ. ಹಮಾಲಿಗಳ ಕಷ್ಟಕ್ಕೆ ಇದನ್ನು ಹೋಲಿಸಲಾರೆ. ಆದರೆ ಅಭ್ಯಾಸ ಇಲ್ಲಿಂದಲೇ ಶುರುವಾಗುತ್ತದೆ.

ಈಗ ಆಕ್ಷೇಪಣೆಗಳು. 'ಸಿಲಬಸ್ಸೇ ಮುಗಿಯುತ್ತಿಲ್ಲ, ಸಿಇಟಿ, ನೀಟ್ ತಲೆಯ ಮೇಲಿದೆ, ಇದೆಲ್ಲ ಯಾವಾಗ?' ಎಂದು ಅಧ್ಯಾಪಕರು ಕೇಳಬಹುದು. ಕೇಳುವುದರಲ್ಲಿ ಅರ್ಥವಿದೆ. ಆದರೆ ಗಮನಿಸಿ: 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯ ಹಗುರ ಮಾಡಿದಾಗ ನರಮಂಡಲದ ಅಧ್ಯಾಯದಿಂದ ಪ್ರತಿವರ್ತನೆಯ ಭಾಗವನ್ನೇ ತೆಗೆಯಿತು. ಬಿಸಿ ಪಾತ್ರೆ ಮುಟ್ಟಿದ ಕೈ ಮೆದುಳನ್ನು ಕೇಳದೆಯೇ ಹಿಂದೆ ಬರುವುದು ಬೆನ್ನುಹುರಿಯ ತೀರ್ಮಾನದಿಂದ. ಆ ಅಧ್ಯಾಯದಲ್ಲಿ ಬೆನ್ನುಹುರಿ ತಾನಾಗಿ ಕೆಲಸ ಮಾಡುವುದನ್ನು ತೋರಿಸುತ್ತಿದ್ದ ಭಾಗವೇ ಅದು. ಬ್ಯಾಗಿನ ಭಾರ ಇಳಿಸುವುದು ಬಿಟ್ಟು ಪಾಠದ ಭಾರ ಇಳಿಸಿದರು. ಅಂಕಕ್ಕೆ ಬಾರದಿದ್ದರೂ ಅದನ್ನು ಒಂದು ಪಿರಿಯಡ್‌ನಲ್ಲಿ ಹೇಳಿಕೊಡಬೇಕು ಎಂಬುದು ನನ್ನ ವಿನಂತಿ. 'ಇದೆಲ್ಲ ಡಾಕ್ಟರಾಗುವವರಿಗೆ, ಕಾಮರ್ಸ್‌, ಆರ್ಟ್ಸ್‌ನವರಿಗೆ ಏಕೆ?' ಎಂಬುದು ಇನ್ನೊಂದು ಮಾತು. ಅಪಘಾತವಾದಾಗ ಹತ್ತಿರದಲ್ಲಿ ಇರುವವರು ಯಾವ ವಿಭಾಗದವರು ಎಂದು ಬೆನ್ನುಹುರಿ ಕೇಳುವುದಿಲ್ಲ.

ಹಾಗಾಗಿ ಕಾಲೇಜಿನ ಮುಂದೆ ನನ್ನ ಬೇಡಿಕೆಗಳು ನಾಲ್ಕೇ. ಒಂದು, ವರ್ಷಕ್ಕೊಮ್ಮೆ ಎಲ್ಲ ವಿಭಾಗದವರಿಗೂ ಎರಡು ಗಂಟೆಯ ಅಭ್ಯಾಸ: ಬಿದ್ದವರ ತಲೆ ಹಿಡಿಯುವುದು, ದಿಮ್ಮಿಯಂತೆ ಉರುಳಿಸುವುದು, ಎದೆ ಒತ್ತುವುದು. ಮೆಗ್ಗಾನ್ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ನಮ್ಮ ಊರಿನಲ್ಲೇ ಇವೆ, ಅಲ್ಲಿಯವರನ್ನು ಕರೆಸುವುದು ದೊಡ್ಡ ವಿಷಯವಲ್ಲ. ಎರಡು, ಲ್ಯಾಬಿನಲ್ಲಿ ತೂಗುವ ಅಸ್ಥಿಪಂಜರದ ಪಕ್ಕದಲ್ಲಿ ಬೆನ್ನಿನ ನರ ಮತ್ತು ರಕ್ತನಾಳಗಳ ಎರಡು ಚಿತ್ರಪಟ. 14ನೇ ಶತಮಾನದ ಕೊನೆಯಲ್ಲೇ ಇರಾನಿನ ಶಿರಾಜ್‌ನ ಮನ್ಸೂರ್ ಇಬ್ನ್ ಇಲ್ಯಾಸ್ ತಮ್ಮ ಪಾರ್ಸಿ ಗ್ರಂಥದಲ್ಲಿ ಮೂಳೆಗೆ ಒಂದು, ನರಕ್ಕೆ ಒಂದು, ರಕ್ತನಾಳಗಳಿಗೆ ಬೇರೆ ಎಂದು ಇಡೀ ದೇಹದ ಪ್ರತ್ಯೇಕ ಚಿತ್ರಗಳನ್ನು ಕೊಟ್ಟಿದ್ದರು. ಆರು ನೂರು ವರ್ಷಗಳ ನಂತರ ನಾವು ಮೂಳೆಯೊಂದರಲ್ಲೇ ನಿಲ್ಲುವುದು ಸರಿಯಲ್ಲ. ಮೂರು, ಟೈಮ್ ಟೇಬಲ್ ಹಾಕುವಾಗ ಯಾವ ದಿನ ಎಷ್ಟು ದಪ್ಪ ಪುಸ್ತಕ ಎಂಬುದನ್ನೂ ನೋಡುವುದು, ರೆಕಾರ್ಡ್ ಪುಸ್ತಕಗಳನ್ನು ಕಾಲೇಜಿನ ಕಪಾಟಿನಲ್ಲೇ ಇಡಲು ಬಿಡುವುದು. ನಾಲ್ಕು, ಎನ್‌ಎಸ್‌ಎಸ್ ತಂಡ ಒಂದು ಭಾನುವಾರ ಬಜಾರಿಗೆ ಹೋಗಿ ಹಮಾಲಿಗಳನ್ನೂ ವ್ಯಾಪಾರಿಗಳನ್ನೂ ಮಾತಾಡಿಸಿ, ಎಲ್ಲೆಲ್ಲಿ ಕೈಗಾಡಿ ಓಡಬಹುದು, ಎಲ್ಲೆಲ್ಲಿ ಮೆಟ್ಟಿಲು ಅಡ್ಡಿ ಎಂದು ಬರೆದು ತರುವುದು. ಆ ಪಟ್ಟಿಯನ್ನು ಇದೇ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸೋಣ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಡ. ನಾಲ್ಕನೆಯ ಬೇಡಿಕೆಗೆ ನಾನೇ ಮೊದಲ ಹೆಸರು ಕೊಡುತ್ತೇನೆ. ಇನ್ನೂ ಹತ್ತು ಜನ ಬಂದರೆ ಬಜಾರಿನ ಎರಡೂ ಬದಿಯನ್ನು ಒಂದೇ ಬೆಳಿಗ್ಗೆ ಮುಗಿಸಬಹುದು. ಬರುವವರು ಸೂಚನಾ ಫಲಕದ ಬಳಿ ಇಟ್ಟಿರುವ ಹಾಳೆಯಲ್ಲಿ ಹೆಸರು, ವಿಭಾಗ ಬರೆಯಿರಿ. ಬ್ಯಾಗ್ ತರುವುದು ಬೇಡ, ಒಂದು ನೋಟ್ ಪುಸ್ತಕ ಸಾಕು.